‘ವಧು’ ‘ವದು’ ಆದ ಮಳೆಗಾಲ

ಮುಂಬಯಿಯ ಸಾಕಿನಾಕಾದಲ್ಲಿ ನಮ್ಮದೊಂದು ಸ್ಕ್ರೀನ್ ಪ್ರಿಂಟಿಂಗ್ ಗಾಳಾ (ಸಣ್ಣ ಕಾರ್ಖಾನೆ ಕೋಣೆ). ಬೇಸಿಗೆ ಮುಗಿಯುವವರೆಗೂ 4 ನಿಮಿಷ ಬೆಳಕು ಕೊಟ್ಟರೆ ಸ್ಕ್ರೀನ್, ಅಂದರೆ ಶಾಯಿ ಇಳಿಯುವ ಜಾಲರಿ ಬಟ್ಟೆಯ ಚೌಕಟ್ಟು, ಸರಿಯಾಗಿ ಬರುತ್ತಿತ್ತು. ಯುವಿ ಟ್ಯೂಬ್ ಹಾಕಿದ ಪೆಟ್ಟಿಗೆ, ಡಯಾಜೋ ಎಮಲ್ಷನ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗುವ, ಅಕ್ಷರದ ನೆರಳಿದ್ದಲ್ಲಿ ತೊಳೆದುಹೋಗುವ ಲೇಪ), ಮೇಲೊಂದು ಗಾಜು, ಅಷ್ಟೇ. ಜುಲೈ ಬಂತು ನೋಡಿ, ತೊಳೆಯುವಾಗ ಎಮಲ್ಷನ್ ಲೋಳೆಲೋಳೆಯಾಗಿ ಎದ್ದು ಬರತೊಡಗಿತು. ಬೆಳಕು ಸಾಲದು ಅಂದುಕೊಂಡು 5 ಮಾಡಿದೆ, 6 ಮಾಡಿದೆ, 8ಕ್ಕೆ ಹೋದೆ. ಹೇಗೋ ನಿಂತಿತು.

ಆಗ ಮಾಟುಂಗಾದ ಒಬ್ಬರ ಮನೆಯ ಮದುವೆ ಕಾಗದ ಬಂತು. ಎರಡು ದಿನ ಬಿಸಿಲು ಬಿದ್ದಿತ್ತು, ಸ್ಕ್ರೀನ್ ಗರಿಗರಿ ಒಣಗಿತ್ತು. ನಾನು ಸುಮ್ನೆ 8 ನಿಮಿಷವನ್ನೇ ಕೊಟ್ಟೆ. 300 ಕಾಗದ ಹೊಡೆದ ಮೇಲೆ ಹುಡುಗಿಯ ಅಪ್ಪ ಒಂದನ್ನು ಕನ್ನಡಕದ ಹತ್ತಿರ ಹಿಡಿದು, "ವಧುವಿನ ‘ಧು’ಗೆ ಹೊಟ್ಟೆ ಸೀಳೇ ಇಲ್ಲವಲ್ಲ ಮಾರಾಯ್ರೇ!" ಎಂದರು. ಶುಭಕಾರ್ಯದಲ್ಲಿ ಎಂಥ ಮಾತು! ಆದರೆ ನಿಜ, ‘ವದು’ ಎಂದೇ ಇತ್ತು. ಬೆಳಕು ಜಾಸ್ತಿಯಾದರೆ ಪಾಸಿಟಿವ್‌ನ (ಕಪ್ಪು ಅಕ್ಷರವಿರುವ ಪಾರದರ್ಶಕ ಹಾಳೆಯ) ಗೆರೆಯ ಅಂಚಿನಡಿ ನುಸುಳಿ ಅಲ್ಲಿನ ಎಮಲ್ಷನ್ನನ್ನೂ ಗಟ್ಟಿ ಮಾಡುತ್ತದೆ. ಸ್ಕ್ರೀನಿನ ಬಟ್ಟೆ ಬಿಳಿಯಾದರೆ ಬೆಳಕು ಇನ್ನೂ ಚೆದುರುತ್ತದೆ. ಸಣ್ಣ ಗೆರೆ ತೊಳೆದರೂ ತೆರೆದುಕೊಳ್ಳುವುದಿಲ್ಲ.

ತಪ್ಪು ಗಡಿಯಾರದ್ದಲ್ಲ, ಒಣಗಿಸುವುದರದ್ದು. ಮಳೆಗಾಲದಲ್ಲಿ ಎಮಲ್ಷನ್ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ನೀರು. ಆ ನೀರಿರುವಷ್ಟು ಕಾಲ ಅದು ಸರಿಯಾಗಿ ಗಟ್ಟಿಯಾಗದು. ಫ್ಯಾನ್ ಹಾಕಿದರೆ ಮುಂಬಯಿಯ ಒದ್ದೆ ಗಾಳಿಯೇ ಸುತ್ತುತ್ತದೆ, ಅಲ್ವಾ? ಹಳೆಯ ಕಪಾಟಿನ ಸಂದಿಗಳಿಗೆ ಕಪ್ಪು ಟೇಪ್ ಹಚ್ಚಿದೆ. ಒಳಗೆ ಗಾಳಿಯ ತೇವ ತೆಗೆಯುವ ಸಣ್ಣ ಡಿಹ್ಯೂಮಿಡಿಫೈಯರ್, ತೇವಾಂಶ ಅಳೆಯುವ ಮೀಟರ್. ಮುಳ್ಳು ಶೇ. 50ಕ್ಕಿಂತ ಕೆಳಗಿಳಿದ ಮೇಲೂ ರಾತ್ರಿಯಿಡೀ ಬಿಡುತ್ತೇನೆ. ಸ್ಕ್ರೀನ್‌ನ ಕಾಗದಕ್ಕೆ ತಾಗುವ ಹೊರಮೈ ಕೆಳಮುಖ.

ಇದಾದ ಮೇಲೆಯೇ ಮೆಟ್ಟಿಲು ಪರೀಕ್ಷೆ ಮಾಡಿದೆ. ಒಂದೇ ಸ್ಕ್ರೀನ್ ಮೇಲೆ ‘ವಧು’, ‘ಠ’, ‘ಷ್ಟ್ರ’ ಸಣ್ಣ ಅಕ್ಷರದಲ್ಲಿ ಐದು ಪಟ್ಟಿ. ಎಲ್ಲಕ್ಕೂ 2 ನಿಮಿಷ. ಆಮೇಲೆ ನಿಮಿಷಕ್ಕೊಂದು ಪಟ್ಟಿಯಂತೆ ಕಪ್ಪು ರಟ್ಟು ಮುಚ್ಚುತ್ತ ಹೋಗುವುದು, ಕೊನೆಯದಕ್ಕೆ 6 ನಿಮಿಷ. ತೊಳೆದಾಗ 2ರ ಪಟ್ಟಿಯ ಒಳಬದಿ ಲೋಳೆ, 3ರದೂ ಅಷ್ಟಕ್ಕಷ್ಟೆ. 6ರಲ್ಲಿ ಹೊಟ್ಟೆ ಸೀಳು ಮಾಯ. ಡಯಾಜೋದ ಹಳದಿ ಬೆಳಕಿಗೆ ತಿಳಿಯಾಗುತ್ತದೆ. 4 ಮತ್ತು 5ರ ನಡುವೆ ಬಣ್ಣದ ವ್ಯತ್ಯಾಸ ಹೆಚ್ಚುಕಡಿಮೆ ನಿಂತಿತ್ತು. ನಾಲ್ಕೂವರೆ ಎಂದು ಗೋಡೆಗೆ ಬರೆದಿಟ್ಟೆ. ಬೇಸಿಗೆಯ ಲೆಕ್ಕಕ್ಕೆ ಅರ್ಧ ನಿಮಿಷ ಮಾತ್ರ ಹೆಚ್ಚು!

ಈ ನಾಲ್ಕೂವರೆ ನಿಮಗೆ ಆಗಲಿಕ್ಕಿಲ್ಲ. ಹಳದಿ ಬಟ್ಟೆಗೆ ಬೆಳಕು ಜಾಸ್ತಿ ಬೇಕು, ದಪ್ಪ ಕೋಟಿಂಗಿಗೂ ಹಾಗೆಯೇ. ಟ್ಯೂಬ್ ಹಳತಾದರೂ ಲೆಕ್ಕ ತಪ್ಪುತ್ತದೆ.

ಕಾಗದ ಮತ್ತೆ ಹೊಡೆದುಕೊಟ್ಟೆ, ನನ್ನದೇ ಖರ್ಚು. ಹಳೆಯ 300ರ ಬೆನ್ನಿನ ಮೇಲೆ ಈಗಲೂ ಟ್ರಯಲ್ ಹೊಡೆಯುತ್ತಿದ್ದೇನೆ.