ಕೇಳುವ ಮೊದಲೇ ಹೇಳಬೇಕು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಮರೆಯಾಗಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಸಿಪಿಎಲ್ ಎಂಬ ಲೈಸೆನ್ಸ್ ಬೇಕು. ಎಚ್‌-1ಬಿ ವೀಸಾದಲ್ಲಿ ಇರುವವರು ಸುಮ್ನೆ ಇದರ ಆಸೆ ಇಟ್ಟುಕೊಳ್ಳಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆಯೇ ನಾನು ತರಬೇತಿಗೆ ಸೇರಿದ್ದು.

ಲೈಸೆನ್ಸ್ ಜೊತೆಗೆ ಒಂದು ಕಟ್ಟುಪಾಡೂ ಬರುತ್ತದೆ. ಪೊಲೀಸರು ನಿಲ್ಲಿಸಿದ ಕೂಡಲೇ, ಪಿಸ್ತೂಲು ಮೈಮೇಲಿರಲಿ ಕಾರಿನಲ್ಲಿರಲಿ, ನಾವಾಗಿಯೇ ಹೇಳಬೇಕು. ಹೇಳದಿದ್ದರೆ ದಂಡ ಬೀಳುತ್ತದೆ, ಲೈಸೆನ್ಸಿಗೂ ಕುತ್ತು. ಪಕ್ಕದ ಒಹಾಯೊದಲ್ಲಿ 2022ರಿಂದ ಕೇಳಿದರೆ ಮಾತ್ರ ಹೇಳಿದರೆ ಸಾಕು. ನಾನು ಅಲ್ಲೂ ಮೊದಲೇ ಹೇಳಿಬಿಡುತ್ತೇನೆ.

ಒಂದು ರಾತ್ರಿ ಕಾರಿನ ಹಿಂದಿನ ದೀಪ ಉರಿಯುತ್ತಿಲ್ಲ ಎಂದು ನಿಲ್ಲಿಸಿದರು. ಬಲಕ್ಕೆ ತೆಗೆದುಕೊಂಡು ಎಂಜಿನ್ ಆರಿಸಿದೆ. ಒಳಗಿನ ದೀಪ ಹಾಕಿದೆ, ಕಿಟಕಿ ಇಳಿಸಿದೆ. ಎರಡೂ ಕೈ ಸ್ಟೇರಿಂಗ್ ಮೇಲೆ. ಪರ್ಸಿಗೆ ಕೈ ಹಾಕಲಿಲ್ಲ. ಅದು ಇದ್ದದ್ದು ಪಿಸ್ತೂಲು ಇರುವ ಬಲಗಡೆಯೇ, ನೋಡಿ. ಪಕ್ಕದಲ್ಲಿದ್ದ ಹೆಂಡತಿಗೂ ಹೇಳಿದ್ದೆ: ಕೈ ತೊಡೆಯ ಮೇಲಿರಲಿ, ಬ್ಯಾಗು ಮುಟ್ಟಬೇಡ, ಅವರು ಹೋಗುವ ತನಕ ಕನ್ನಡದಲ್ಲಿ ಪಿಸುಗುಟ್ಟಬೇಡ.

‘ಐ ಹ್ಯಾವ್ ಎ ಗನ್’ ಎಂದು ಮಾತ್ರ ಶುರು ಮಾಡಬಾರದು. ಕತ್ತಲಲ್ಲಿ ಅದು ಬೆದರಿಕೆಯಂತೆ ಕೇಳಿಸುತ್ತದೆ, ಅಲ್ವಾ? ಮೊದಲು ಲೈಸೆನ್ಸ್ ಮಾತು, ಆಮೇಲೆ ಪಿಸ್ತೂಲಿನದು. “ಆಫೀಸರ್, ನನ್ನ ಹತ್ತಿರ ಸಿಪಿಎಲ್ ಇದೆ. ಪಿಸ್ತೂಲು ಬಲ ಸೊಂಟದಲ್ಲಿದೆ. ಏನು ಮಾಡಲಿ ಹೇಳಿ” ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ. ನಮ್ಮ ಉಚ್ಚಾರಣೆ ಅವರಿಗೆ ಒಂದೇ ಸಲಕ್ಕೆ ಹಿಡಿಯಬೇಕಲ್ಲ. ಅವರು “ಅದನ್ನು ಮುಟ್ಟಬೇಡಿ, ಕಾರ್ಡುಗಳನ್ನು ಕೊಡಿ” ಎಂದರು. “ಪರ್ಸ್ ಬಲ ಜೇಬಿನಲ್ಲಿದೆ, ತೆಗೆಯಲಾ?” ಎಂದು ಕೇಳಿ, ಹೂಂ ಅಂದ ಮೇಲೆಯೇ ಕೈ ಎತ್ತಿದೆ.

ಇಷ್ಟೊಂದು ಜಾಗ್ರತೆ ಜಾಸ್ತಿ ಆಯಿತು ಎನ್ನುವವರಿದ್ದಾರೆ. 2016ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ ಫಿಲಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ವರ್ಣದವರು ಕೂಡ ತನ್ನ ಬಳಿ ಬಂದೂಕಿದೆ ಎಂದು ಮರ್ಯಾದೆಯಿಂದಲೇ ಹೇಳಿದ್ದರು. ಪರ್ಮಿಟ್ಟೂ ಇತ್ತು. ಕೆಲವೇ ಕ್ಷಣಗಳಲ್ಲಿ ಗುಂಡು ಬಿತ್ತು, ಅವರು ಉಳಿಯಲಿಲ್ಲ. ಗುಂಡು ಹಾರಿಸಿದ ಅಧಿಕಾರಿ ಮರುವರ್ಷ ಖುಲಾಸೆಯಾದರು. ಸರಿಯಾಗಿ ಹೇಳಿದವರಿಗೂ ಅಪಾಯ ತಪ್ಪಿದ್ದಲ್ಲ. ಬಣ್ಣ ನೋಡಿ ಹೆದರುವ ಪೊಲೀಸರನ್ನು ನನ್ನ ಮಾತು ಬದಲಿಸುತ್ತದೆ ಎಂಬ ಭ್ರಮೆ ನನಗಿಲ್ಲ. ಕೈ ಅಲ್ಲಾಡಿಸದೆ ಕೂರುವುದಷ್ಟೇ ನನ್ನ ಹಿಡಿತದಲ್ಲಿರುವುದು.

ಕೆಲವು ಪೊಲೀಸರು ಸುರಕ್ಷತೆಗೆಂದು ಪಿಸ್ತೂಲನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಬಹುದು. ಆಗಲೂ ನಾವು ತೆಗೆದುಕೊಡಲು ಹೋಗಬಾರದು, ಅವರೇ ತೆಗೆಯಲಿ. ಕಾರಿನ ರಿಜಿಸ್ಟ್ರೇಷನ್, ವಿಮೆ ಕಾಗದಗಳನ್ನು ನಾನು ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿಡುತ್ತೇನೆ. ಪಿಸ್ತೂಲು ಇಡುವ ಡಬ್ಬಿಯಲ್ಲೇ ಕಾಗದವನ್ನೂ ಇಟ್ಟು, ಆಮೇಲೆ ಪೊಲೀಸರ ಎದುರು ಅದರ ಮುಚ್ಚಳ ತೆರೆಯುವ ಪಾಡು ಯಾರಿಗೂ ಬೇಡ.