ತರಗತಿಯಲ್ಲಿ ಆರೈಕೆಯ ನೀತಿ: ಶಿಕ್ಷಕರು ಎಲ್ಲಿಂದ ಆರಂಭಿಸಬೇಕು

ಆರೈಕೆಯ ನೀತಿಯನ್ನು, ಅಂದರೆ ಪರಸ್ಪರ ಸಂಬಂಧ ಮತ್ತು ಹೊಣೆಯನ್ನು ನೈತಿಕತೆಯ ತಳಹದಿಯಾಗಿ ಕಾಣುವ ಸ್ತ್ರೀವಾದಿ ಚಿಂತನೆಯನ್ನು, ತರಗತಿಗೆ ತರಬಯಸುವ ಶಿಕ್ಷಕರು ಮೊದಲು ಅದನ್ನು ತಮ್ಮ ಒಳ್ಳೆಯತನದಿಂದ ಬೇರ್ಪಡಿಸಿ ನೋಡಬೇಕು. ಮಕ್ಕಳನ್ನು ಅಕ್ಕರೆಯಿಂದ ಕಾಣುವ ಶಿಕ್ಷಕರು ಎಲ್ಲ ಕಾಲದಲ್ಲೂ ಇದ್ದಾರೆ; ಈ ನೀತಿಯನ್ನು ರೂಪಿಸಿದ ಸ್ತ್ರೀವಾದಿ ಚಿಂತಕಿಯರ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ. ಗಂಡುಮಕ್ಕಳ ಅಧ್ಯಯನವನ್ನು ಆಧರಿಸಿ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ರೂಪಿಸಿದ್ದ ನೈತಿಕ ಬೆಳವಣಿಗೆಯ ಅಳತೆಗೋಲಿನಲ್ಲಿ, ಸಂಬಂಧ ಮತ್ತು ಹೊಣೆಯ ನೆಲೆಯಿಂದ ಯೋಚಿಸುವವರಿಗೆ ತಕ್ಕ ಸ್ಥಾನವಿಲ್ಲವೆಂದು ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್ 1982ರಲ್ಲಿ ವಾದಿಸಿದರು. 1984ರಲ್ಲಿ ಶಿಕ್ಷಣ ಚಿಂತಕಿ ನೆಲ್ ನಾಡಿಂಗ್ಸ್ ಈ ಆಲೋಚನೆಯನ್ನು ಶಿಕ್ಷಣಕ್ಕೂ, 1993ರಲ್ಲಿ ರಾಜಕೀಯ ಚಿಂತಕಿ ಜೋನ್ ಟ್ರೊಂಟೊ ರಾಜಕಾರಣಕ್ಕೂ ವಿಸ್ತರಿಸಿದರು. ಟ್ರೊಂಟೊ ಅವರ ಪ್ರಶ್ನೆ ನೇರವಾದದ್ದು: ಆರೈಕೆಯ ಕೆಲಸವನ್ನು ಯಾರು ಮಾಡುತ್ತಿದ್ದಾರೆ, ಅದರಿಂದ ಯಾರು ತಪ್ಪಿಸಿಕೊಂಡಿದ್ದಾರೆ, ಈ ಹಂಚಿಕೆಯನ್ನು ತೀರ್ಮಾನಿಸಿದವರು ಯಾರು?

ಈ ಪ್ರಶ್ನೆಯನ್ನೇ ನಿಮ್ಮ ತರಗತಿಗೆ ಕೇಳಿಕೊಳ್ಳಿ. ಒಂದು ವಾರ ಏನನ್ನೂ ಬದಲಿಸದೆ ಬರಿದೆ ಗಮನಿಸಿ. ಗೈರುಹಾಜರಾದವರಿಗೆ ಪಾಠ ಹೇಳಿಕೊಡುವವರು, ಅಳುತ್ತಿರುವ ಗೆಳೆಯರ ಪಕ್ಕ ಕೂರುವವರು, ಎಲ್ಲರೂ ಹೊರಟ ಮೇಲೆ ಕೊಠಡಿಯನ್ನು ಓರಣಗೊಳಿಸುವವರು ಯಾರು ಎಂದು ಬರೆದಿಡಿ. ಅದೇ ಕೆಲವರ ಹೆಸರು ಮತ್ತೆ ಮತ್ತೆ ಬಂದರೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರೆ, ಅದನ್ನು ಅವರ ಸ್ವಭಾವವೆಂದು ಹೊಗಳಿ ಸುಮ್ಮನಾಗಬೇಡಿ. ‘ನನಗೆ ಇದಕ್ಕಿಂತ ಮುಖ್ಯವಾದ ಕೆಲಸವಿದೆ’ ಎಂಬ ನೆಪದಲ್ಲಿ ಅನುಕೂಲಸ್ಥರು ಆರೈಕೆಯಿಂದ ಪಡೆಯುವ ವಿನಾಯಿತಿಯನ್ನು ಟ್ರೊಂಟೊ ಸವಲತ್ತಿನ ಹೊಣೆಗೇಡಿತನ ಎಂದು ಗುರುತಿಸಿದರು. ತರಗತಿಯ ಜಾಣ ವಿದ್ಯಾರ್ಥಿಗೆ ನಾವೇ ಎಷ್ಟೋ ಬಾರಿ ಇಂಥ ವಿನಾಯಿತಿ ಕೊಟ್ಟಿರುತ್ತೇವೆ.

ಪಟ್ಟಿಯನ್ನು ಹೆಸರುಗಳಿಲ್ಲದೆ ಮಕ್ಕಳ ಮುಂದಿಟ್ಟು, ಕೆಲಸಗಳನ್ನು ಹೇಗೆ ಹಂಚಬೇಕೆಂದು ಅವರೇ ಚರ್ಚಿಸಲಿ. ಸರದಿ ನಿರ್ಧಾರವಾದ ಮೇಲೆ ಪ್ರತಿಯೊಂದು ಕೆಲಸವನ್ನೂ ಕಲಿಸಬೇಕು. ನೊಂದವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವುದು ಅಭ್ಯಾಸದಿಂದ ಬರುವ ಕೌಶಲ. ಅದು ಹುಟ್ಟಿನಿಂದ ಬಂದಿಲ್ಲವೆಂದು ಯಾರಿಗೂ ವಿನಾಯಿತಿ ಕೊಡಬೇಕಾಗಿಲ್ಲ.

ಟ್ರೊಂಟೊ ಅವರ ಪ್ರಕಾರ ಆರೈಕೆಗೆ ನಾಲ್ಕು ಹಂತಗಳಿವೆ: ಅಗತ್ಯವನ್ನು ಗಮನಿಸುವುದು, ಹೊಣೆ ಹೊರುವುದು, ಕೆಲಸವನ್ನು ಸಮರ್ಥವಾಗಿ ಮಾಡುವುದು, ಆರೈಕೆ ಪಡೆದವರ ಸ್ಪಂದನೆಯನ್ನು ತಿಳಿಯುವುದು. ಶಾಲೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ಕೊನೆಯದೇ. ಕಿವಿ ಮಂದವಾಗಿರುವ ಹುಡುಗಿಯೊಬ್ಬಳನ್ನು ಶಿಕ್ಷಕರು ಮೊದಲ ಬೆಂಚಿನಲ್ಲಿ ಕೂರಿಸುತ್ತಾರೆಂದುಕೊಳ್ಳಿ. ಉದ್ದೇಶ ಒಳ್ಳೆಯದೇ, ಆದರೆ ಮಾತನಾಡುವವರ ತುಟಿಯ ಚಲನೆಯನ್ನು ನೋಡಿ ಅರ್ಥಮಾಡಿಕೊಳ್ಳುವ ಅವಳಿಗೆ ಈಗ ಹಿಂದಿನಿಂದ ಉತ್ತರ ಹೇಳುವ ಸಹಪಾಠಿಗಳ ಮುಖವೇ ಕಾಣುವುದಿಲ್ಲ. ‘ನಿನಗೆ ಎಲ್ಲಿ ಕುಳಿತರೆ ಅನುಕೂಲ?’ ಎಂದು ಕೇಳಿದ್ದರೆ, ಎಲ್ಲರೂ ವೃತ್ತಾಕಾರವಾಗಿ ಕೂರೋಣವೆಂಬ ಸಲಹೆ ಅವಳಿಂದಲೇ ಬರಬಹುದಿತ್ತು. ಆರೈಕೆಯನ್ನು ಪಡೆಯುವವರು ಅದನ್ನು ಆರೈಕೆಯೆಂದು ಸ್ವೀಕರಿಸುವವರೆಗೆ ಆ ಸಂಬಂಧ ಪೂರ್ಣವಾಗದು ಎಂದು ನಾಡಿಂಗ್ಸ್ ಒತ್ತಿ ಹೇಳಿದ್ದು ಇದೇ ಕಾರಣಕ್ಕೆ. ಆದ್ದರಿಂದ ಯಾವುದೇ ಏರ್ಪಾಡು ಮಾಡಿದ ಕೆಲವು ದಿನಗಳ ನಂತರ, ಇತರರ ಎದುರಿನಲ್ಲಲ್ಲದೆ ಏಕಾಂತದಲ್ಲಿ, ಅದು ಹೇಗಿದೆಯೆಂದು ಕೇಳಿ. ‘ಬೇಡ’ ಎಂಬ ಉತ್ತರವನ್ನು ಕೃತಘ್ನತೆಯೆಂದು ಎಣಿಸಬೇಡಿ.

ನಾಡಿಂಗ್ಸ್ ನೈತಿಕ ಶಿಕ್ಷಣಕ್ಕೆ ಸೂಚಿಸಿದ ನಾಲ್ಕು ದಾರಿಗಳಲ್ಲಿ ನಡೆದು ತೋರಿಸುವುದು, ಸಂವಾದ ಮತ್ತು ಅಭ್ಯಾಸ ಶಿಕ್ಷಕರಿಗೆ ಪರಿಚಿತವೇ. ನಾಲ್ಕನೆಯದಾದ ದೃಢೀಕರಣ, ಅಂದರೆ ಮಗುವಿನಲ್ಲಿರುವ ಒಳಿತನ್ನು ಗುರುತಿಸಿ ಹೇಳುವುದು, ಕಷ್ಟದ್ದು. ಮಗುವೊಂದು ನಕಲು ಮಾಡಿ ಸಿಕ್ಕಿಬಿದ್ದಾಗ, ವಾಸ್ತವಕ್ಕೆ ಹೊಂದುವ ಅತ್ಯುತ್ತಮ ಉದ್ದೇಶವನ್ನು ಹುಡುಕಿ, ‘ಗುಂಪಿನವರಿಗೆ ನಿರಾಸೆಯಾಗದಿರಲೆಂದು ಹೀಗೆ ಮಾಡಿದೆಯಲ್ಲವೇ, ಅದಕ್ಕೆ ಬೇರೆ ದಾರಿಯಿದೆ’ ಎನ್ನಬೇಕಾಗುತ್ತದೆ. ಮಗುವನ್ನು ನಿಜವಾಗಿ ಬಲ್ಲವರಷ್ಟೇ ಹಾಗೆ ಹೇಳಬಲ್ಲರು. ಅರಿಯದೆ ಆಡಿದರೆ ಅದು ಮುಖಸ್ತುತಿಯಾಗುತ್ತದೆ.

ಪೌರತ್ವದ ಪಾಠಕ್ಕೆ ಬರುವಾಗ, ಹಕ್ಕು ಮತ್ತು ನ್ಯಾಯದ ಭಾಷೆಯನ್ನು ಕೈಬಿಡಬೇಡಿ. ಆರೈಕೆ ಸಹಜವಾಗಿ ಹತ್ತಿರದವರ ಕಡೆಗೆ ವಾಲುತ್ತದೆ. ಕಣ್ಣಿಗೆ ಕಾಣದ ದೂರದವರನ್ನು ನೆನಪಿಸುವುದು ನ್ಯಾಯ. ಟ್ರೊಂಟೊ 2013ರಲ್ಲಿ ಸೇರಿಸಿದ ಐದನೆಯ ಹಂತ, ಅಂದರೆ ಎಲ್ಲರೂ ಜೊತೆಗೂಡಿ ಆರೈಕೆ ಮಾಡುವುದು, ಇವೆರಡನ್ನೂ ಬೆಸೆಯುತ್ತದೆ: ಆರೈಕೆಯ ಹಂಚಿಕೆ ನ್ಯಾಯ, ಸಮಾನತೆ ಮತ್ತು ಸ್ವಾತಂತ್ರ್ಯಗಳಿಗೆ ಹೊಂದಿಕೆಯಾಗಿರಬೇಕು. ಇದನ್ನು ಕಲಿಸಲು ಗ್ರಂಥಾಲಯದ ಸಮಯವನ್ನು ಬದಲಿಸುವಂಥ ಒಂದು ನಿಜವಾದ ತೀರ್ಮಾನವನ್ನು ಆರಿಸಿಕೊಳ್ಳಿ. ಇದರಿಂದ ಯಾರ ದುಡಿಮೆ ಹೆಚ್ಚುತ್ತದೆ, ಯಾರ ಅಗತ್ಯ ಈಡೇರುತ್ತದೆ, ಯಾರನ್ನು ಕೇಳಿಯೇ ಇಲ್ಲ ಎಂದು ಮಕ್ಕಳು ವಿಚಾರಿಸಲಿ. ಕೊಠಡಿ ಗುಡಿಸುವ ಸಿಬ್ಬಂದಿಯೊಂದಿಗೆ ಮಾತನಾಡದೆ ಆ ಉತ್ತರ ಪೂರ್ತಿಯಾಗದು.

ಈ ಯಾವ ಕೆಲಸಕ್ಕೂ ಅಂಕ ಕೊಡಬೇಡಿ. ಅಂಕ ಬಂದೊಡನೆ ಮಕ್ಕಳ ಗಮನ ಸಹಪಾಠಿಯಿಂದ ನಿಮ್ಮ ಕಡೆಗೆ ತಿರುಗುತ್ತದೆ. ತಿಂಗಳಿಗೊಮ್ಮೆ ಸರದಿಯನ್ನು ಮರುಪರಿಶೀಲಿಸುವ ಸಭೆ ನಡೆಸಿ, ಮೊದಲ ಮಾತಿನ ಅವಕಾಶವನ್ನು ಆ ತಿಂಗಳು ನೆರವು ಪಡೆದವರಿಗೆ ನೀಡಿ. ಶಿಕ್ಷಕರಾಗಿ ನಿಮ್ಮ ಮೇಲೆ ಬಿದ್ದಿರುವ ಹೊರೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ.