ಯೋಕಿಚ್ ಆಟ ನೋಡಬೇಕಾ? ಚೆಂಡಿನ ಹಿಂದೆ ಹೋಗಬೇಡಿ

ಮೊದಲ ಸಲ ಬಾಸ್ಕೆಟ್‌ಬಾಲ್ ಆಟಗಾರ ನಿಕೊಲಾ ಯೋಕಿಚ್ ಆಟ ನೋಡಿದಾಗ ನಾನು ಅರ್ಧಕ್ಕೇ ಟಿವಿ ಆರಿಸಿದ್ದೆ. ಓಡುವುದಿಲ್ಲ, ಹಾರುವುದಿಲ್ಲ, ಊಟ ಮುಗಿಸಿ ಅಡ್ಡಾಡಲು ಹೊರಟವನ ಹಾಗೆ ನಡೆಯುತ್ತಾನೆ. ಇವನಿಗ್ಯಾಕೆ ಇಷ್ಟು ಹೆಸರು ಅಂತ ಗೊಣಗಿದೆ. ನೋಡಬೇಕಾದ ಕಡೆ ನಾನೇ ನೋಡಿರಲಿಲ್ಲ.

ನೀವು ಹಾಗೆ ಮಾಡಬೇಡಿ. ಹೈಲೈಟ್ಸ್ ಬಿಟ್ಟು ಒಂದು ಪೂರ್ತಿ ಪಂದ್ಯ ಹಾಕಿ. ನನ್ನ ಆಯ್ಕೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2023ರ ಫೈನಲ್ಸ್, ಮಯಾಮಿ ಹೀಟ್ ಎದುರು ಅವನ ತಂಡ ಡೆನ್ವರ್ ನಗೆಟ್ಸ್ ಆಡಿದ ಮೊದಲ ಪಂದ್ಯ. ಮೊದಲ ಕ್ವಾರ್ಟರ್ ಪೂರ್ತಿ ಅವನ 15ನೇ ನಂಬರಿನ ಜೆರ್ಸಿಯನ್ನಷ್ಟೇ ನೋಡಿ. ಚೆಂಡು ಎಲ್ಲಾದರೂ ಹೋಗಲಿ.

ಫ್ರೀ ಥ್ರೋ ಗೆರೆಯ ತುದಿಗೆ ಬಂದು ಬಾಸ್ಕೆಟ್‌ಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಚೆಂಡು ಕೈಗೆ ಬಂತಾ? ಅಲ್ಲೇ ವಿಡಿಯೋ ನಿಲ್ಲಿಸಿ. ಅವನ ತಂಡದ ಜಮಾಲ್ ಮರ್ರೆ ಎಲ್ಲಿದ್ದಾನೆ, ಆರನ್ ಗಾರ್ಡನ್ ಯಾವ ಕಡೆ ನುಗ್ಗುತ್ತಿದ್ದಾನೆ ನೋಡಿಕೊಂಡು, ಚೆಂಡು ಯಾರಿಗೆ ಹೋಗುತ್ತದೆ ಅಂತ ಊಹಿಸಿ. ನನಗೆ ಹತ್ತರಲ್ಲಿ ಮೂರು ಸರಿಯಾದರೆ ಜಾಸ್ತಿ. ಮುಖ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಕೆಲವು ಸಲ ಒಂದೇ ಕೈಯಲ್ಲಿ, ನೀರಿನಲ್ಲಿ ಚೆಂಡಾಡುವ ವಾಟರ್ ಪೋಲೊದವರ ಹಾಗೆ ಬೀಸುತ್ತಾನೆ. ವಾಟರ್ ಪೋಲೊದಲ್ಲಿ ಸತತ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದ ಸೆರ್ಬಿಯಾದವನು ಅಲ್ವಾ! ಆ ಪಂದ್ಯ ಮುಗಿದಾಗ ಅವನ ಲೆಕ್ಕ 27 ಅಂಕ, 10 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು), 14 ಅಸಿಸ್ಟ್ (ಜೊತೆಗಾರನ ಬಾಸ್ಕೆಟ್‌ಗೆ ದಾರಿ ಮಾಡಿಕೊಟ್ಟ ಪಾಸ್). ಇಷ್ಟೆಲ್ಲ ಯಾವಾಗ ಮಾಡಿದ ಅಂತ ನಾನು ಹಿಂದಕ್ಕೆ ಓಡಿಸಿ ನೋಡಬೇಕಾಯಿತು.

ಎರಡನೇ ಸಲ ನೋಡುವಾಗ ಕಾಲು ನೋಡಿ. ಎದುರಾಳಿ ಮೈಮೇಲೆ ಬಂದಾಗ ಒಂದೇ ಕಾಲಿನ ಮೇಲೆ ಹಿಂದಕ್ಕೆ ವಾಲಿ, ಚೆಂಡನ್ನು ತುಂಬಾ ಎತ್ತರಕ್ಕೆ ಎಸೆಯುತ್ತಾನೆ. ನೋಡಿದರೆ ಬೀಳುವವನ ಹಾಗೆ ಕಾಣುತ್ತದೆ. ಹುಟ್ಟೂರಿನ ಹೆಸರಲ್ಲಿ ಇದನ್ನು ಸೊಂಬೋರ್ ಶಫಲ್ ಅನ್ನುತ್ತಾರೆ.

ಹಿನ್ನೆಲೆ ಇಷ್ಟು ಸಾಕು: ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, 41ನೆಯವನಾಗಿ ಆಯ್ಕೆಯಾದ. ಆ ಹೊತ್ತಿಗೆ ಟಿವಿಯಲ್ಲಿ ಟ್ಯಾಕೊ ಬೆಲ್ ಜಾಹೀರಾತು ಓಡುತ್ತಿತ್ತು, ಅವನು ನಿದ್ದೆಯಲ್ಲಿದ್ದ. ಆಮೇಲೆ 2021, 2022, 2024ರಲ್ಲಿ ಎಂವಿಪಿ, ಅಂದರೆ ಸೀಸನ್ನಿನ ಅತ್ಯುತ್ತಮ ಆಟಗಾರ. ಅಷ್ಟು ಹಿಂದಿನ ಸ್ಥಾನದಿಂದ ಬಂದು ಎಂವಿಪಿ ಆದವರು ಇನ್ಯಾರೂ ಇಲ್ಲ.

ಅವನ ಅಭಿಮಾನಿ ಆಗಬೇಕು ಅಂದರೆ ಸೋಷಿಯಲ್ ಮೀಡಿಯಾದಲ್ಲಿ ಹುಡುಕಿ ಪ್ರಯೋಜನವಿಲ್ಲ. ಸೀಸನ್ ಮುಗಿದರೆ ಸೊಂಬೋರ್‌ನಲ್ಲಿ ಕುದುರೆಗಳ ಜೊತೆ ಇರುತ್ತಾನೆ. 2023ರಲ್ಲಿ ಕಪ್ ಗೆದ್ದ ರಾತ್ರಿಯೂ ಅವನು ಹೇಳಿದ್ದು, ಕೆಲಸ ಮುಗಿಯಿತು, ಇನ್ನು ಮನೆಗೆ ಹೋಗಬಹುದು ಅಂತ. ಜನರಿಗೆ ಇಷ್ಟವಾಗುವುದೇ ಈ ಗುಣ ಅಂತ ನನ್ನ ಲೆಕ್ಕ.

ಇನ್ನೊಂದು. ಕ್ಯಾಮೆರಾ ಅವನ ಕಾಲಿನ ಹತ್ತಿರ ಬಂದಾಗ ಶೂ ಲೇಸ್ ಗಮನಿಸಿ. ಮದುವೆ ಉಂಗುರವನ್ನು ಅದಕ್ಕೆ ಕಟ್ಟಿಕೊಂಡು ಆಡುವ ಅಭ್ಯಾಸ ಅವನದು. ಅದು ಕಣ್ಣಿಗೆ ಬೀಳಲು ನನಗೆ ಎರಡು ಸೀಸನ್ ಬೇಕಾಯಿತು.